ಬಾರಿ ನಗರದ ಕಡಲತಡಿಯಲ್ಲಿ ಕಡಿಮೆ ಬಾಡಿಗೆಯ ಹೋಟೆಲ್: ಬುಕಿಂಗ್‌ನಿಂದ ಕೋಣೆ ಖಾಲಿ ಮಾಡುವವರೆಗೆ

ಇಟಲಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ರೋಮ್, ಫ್ಲಾರೆನ್ಸ್, ವೆನಿಸ್ ಮುಗಿಸಿ ವಾಪಸ್ ವಿಮಾನ ಹತ್ತುತ್ತಾರೆ. ದಕ್ಷಿಣದ ಕಡೆ ತಲೆ ಹಾಕುವವರು ಕಡಿಮೆ. ಆದರೆ ಸಮುದ್ರ ಬೇಕು, ಜೇಬಿಗೆ ಭಾರವೂ ಆಗಬಾರದು ಅನ್ನುವವರಿಗೆ ಬೂಟಿನಾಕಾರದ ಇಟಲಿಯ ಹಿಮ್ಮಡಿಗೆ ತುಸು ಮೇಲೆ, ಆಡ್ರಿಯಾಟಿಕ್ ಸಮುದ್ರಕ್ಕೆ ಮುಖ ಮಾಡಿಕೊಂಡಿರುವ ಬಾರಿ ನಗರ ಹೇಳಿ ಮಾಡಿಸಿದ ಜಾಗ. ಪುಲ್ಯಾ ಪ್ರಾಂತ್ಯದ ರಾಜಧಾನಿ, ಮೂರು ಲಕ್ಷಕ್ಕೂ ಮಿಕ್ಕಿದ ಜನ, ಗ್ರೀಸ್, ಅಲ್ಬೇನಿಯಾ, ಮಾಂಟೆನೆಗ್ರೊ ಕಡೆಗೆ ಹಡಗು ಹೊರಡುವ ದೊಡ್ಡ ಬಂದರು. ಪ್ರವಾಸಿಗಳನ್ನೇ ನಂಬಿಕೊಂಡು ಕೂತ ಊರಲ್ಲ, ತನ್ನ ಪಾಡಿಗೆ ದುಡಿದು ತಿನ್ನುವ ಊರು. ಹಾಗಾಗಿಯೇ ಇಲ್ಲಿ ಎರಡು ಮೂರು ನಕ್ಷತ್ರದ ಸಾಧಾರಣ ಹೋಟೆಲ್‌ಗಳು ಇನ್ನೂ ಉಳಿದಿವೆ. ಸೀಸನ್ ಬಿಟ್ಟು ಹೋದರೆ ಇಬ್ಬರಿಗೆ ದಿನಕ್ಕೆ 100 ಯೂರೋ ಒಳಗೆ ಶುಭ್ರವಾದ ಕೋಣೆ ಹುಡುಕುವುದು ಕಷ್ಟವಲ್ಲ.

ಕಷ್ಟ ಬೇರೆ ಕಡೆ ಇದೆ. ಫೋಟೋದಲ್ಲಿ ನೀಲಿ ಸಮುದ್ರ ನೋಡಿ ಬುಕ್ ಮಾಡಿದವರು ಅಲ್ಲಿ ಹೋಗಿ ಪೆಚ್ಚಾಗುತ್ತಾರೆ. ಏಕೆಂದರೆ ಇಟಲಿಯಲ್ಲಿ ಹೋಟೆಲ್ ಲೆಕ್ಕ ಬೇರೆ, ಕಡಲತೀರದ ಲೆಕ್ಕ ಬೇರೆ. ನೀವು ಬಾಡಿಗೆ ಕೊಡುವುದು ಹಾಸಿಗೆಗೆ ಮಾತ್ರ. ಸಮುದ್ರಕ್ಕೆ ಹೇಗೆ, ಎಲ್ಲಿ, ಎಷ್ಟಕ್ಕೆ ಇಳಿಯುತ್ತೀರಿ ಎಂಬುದನ್ನು ನೀವೇ ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು.

ತೀರ ಯಾರದು?

ಕಾನೂನಿನ ಪ್ರಕಾರ ಇಟಲಿಯ ಕಡಲತೀರ ಸರ್ಕಾರದ ಸ್ವತ್ತು. ಅದರಲ್ಲಿ ಒಂದಿಷ್ಟು ಭಾಗವನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುತ್ತಾರೆ. ಹೀಗೆ ಗುತ್ತಿಗೆ ಪಡೆದ ಜಾಗಕ್ಕೆ ‘ಲೀದೊ’ ಅನ್ನುತ್ತಾರೆ. ಅಲ್ಲಿ ಸಾಲು ಸಾಲಾಗಿ ಕೊಡೆ, ಒರಗು ಮಂಚ, ಸ್ನಾನಕ್ಕೆ ಷವರ್, ಬಟ್ಟೆ ಬದಲಿಸಲು ಗೂಡು, ಒಂದು ಬಾರ್ ಇರುತ್ತವೆ. ಎಲ್ಲಕ್ಕೂ ದಿನದ ಬಾಡಿಗೆ. ಒಂದು ಕೊಡೆ, ಎರಡು ಮಂಚ ಎಂದರೆ ಸುಮಾರಾಗಿ 20 ಯೂರೋದಿಂದ ಶುರು. ಆಗಸ್ಟ್‌ನಲ್ಲಿ, ಅದರಲ್ಲೂ ಮೊದಲ ಸಾಲಿನಲ್ಲಿ, ಇನ್ನೂ ಹೆಚ್ಚು. ಉಳಿದದ್ದು ‘ಸ್ಪಿಯಾಜ್ಜ ಲೀಬೆರಾ’, ಅಂದರೆ ಸಾರ್ವಜನಿಕ ತೀರ. ಟವೆಲ್ ಹಾಸಿ ಕೂತರೆ ಯಾರೂ ಕೇಳುವುದಿಲ್ಲ.

ಕಡಿಮೆ ಖರ್ಚಿನವರು ನೆನಪಿಡಬೇಕಾದ್ದು ಇಷ್ಟು: ಲೀದೊ ದಾಟಿ ನೀರಿನ ಅಂಚಿಗೆ ಹೋಗುವುದಕ್ಕೆ ಯಾರೂ ದುಡ್ಡು ಕೇಳುವಂತಿಲ್ಲ. 2006ರ ಒಂದು ಕಾನೂನು ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಆದರೆ ನೀರಿಗೆ ಅಂಟಿದ ಐದು ಮೀಟರಿನಷ್ಟು ಪಟ್ಟಿಯಲ್ಲಿ ಟವೆಲ್ ಹಾಸಿ ಠಿಕಾಣಿ ಹೂಡುವಂತಿಲ್ಲ. ಅದು ನಡೆದಾಡುವವರಿಗೆ, ಜೀವರಕ್ಷಕರಿಗೆ ಬಿಟ್ಟ ದಾರಿ. ಈ ಎರಡು ಮಾತು ಗೊತ್ತಿದ್ದರೆ ಗದರುವವರ ಮುಂದೆ ಹೆದರಬೇಕಾಗಿಲ್ಲ, ನೀವೂ ಇನ್ನೊಬ್ಬರ ಕೈಲಿ ಅನ್ನಿಸಿಕೊಳ್ಳಬೇಕಾಗಿಲ್ಲ.

ಹಂತ 1: ತಿಂಗಳು ಆರಿಸಿ

ಜೂನ್ ಮೊದಲೆರಡು ವಾರ ಅಥವಾ ಸೆಪ್ಟೆಂಬರ್ ಕೊನೆ. ನನ್ನ ಮಟ್ಟಿಗೆ ಬೇರೆ ಉತ್ತರವೇ ಇಲ್ಲ. ಸೆಪ್ಟೆಂಬರ್‌ನಲ್ಲಿ ನೀರು ಜೂನ್‌ಗಿಂತ ಬೆಚ್ಚಗಿರುತ್ತದೆ, ಬೇಸಿಗೆಯಿಡೀ ಕಾದ ಸಮುದ್ರ ಅಷ್ಟು ಬೇಗ ತಣಿಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 30 ಡಿಗ್ರಿ ಮೀರುತ್ತದೆ. ಆಫ್ರಿಕಾ ಕಡೆಯಿಂದ ಬೀಸುವ ಶಿರೊಕ್ಕೊ ಗಾಳಿ ಸೇರಿಕೊಂಡರೆ ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯೇ.

ಮೂರು ದಿನಾಂಕಗಳನ್ನು ತಪ್ಪಿಸಿ. ಮೇ 7ರಿಂದ 9ರವರೆಗೆ ಸಂತ ನಿಕೊಲಾಸನ ಉತ್ಸವ. 1087ರಲ್ಲಿ ಈ ಊರಿನ ನಾವಿಕರು ಈಗಿನ ಟರ್ಕಿಯಲ್ಲಿರುವ ಮೈರಾದಿಂದ ಸಂತನ ಅಸ್ಥಿಗಳನ್ನು ಹೊತ್ತು ತಂದರು. ಅದರ ನೆನಪಿನಲ್ಲಿ ಮೆರವಣಿಗೆ, ದೋಣಿಯ ಮೇಲೆ ಸಂತನ ಮೂರ್ತಿ, ಪಟಾಕಿ, ಯಾತ್ರಿಕರ ನೂಕುನುಗ್ಗಲು. ನೋಡಲು ಸೊಗಸು, ಆದರೆ ಕೋಣೆ ಬಾಡಿಗೆ ಗಗನಕ್ಕೆ. ಆಗಸ್ಟ್ 15ರ ‘ಫೆರಗೋಸ್ತೊ’ ದಿನ ಇಡೀ ಇಟಲಿ ಕಡಲತೀರದಲ್ಲಿರುತ್ತದೆ, ಅಂಗಡಿಗಳಿಗೆ ಬೀಗ. ಮೂರನೆಯದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಸೆಪ್ಟೆಂಬರ್‌ನಲ್ಲಿ ನಡೆಯುವ ‘ಫಿಯೆರಾ ದೆಲ್ ಲೆವಾಂತೆ’ ಎಂಬ ವ್ಯಾಪಾರ ಮೇಳ. 1930ರಿಂದ ನಡೆಯುತ್ತ ಬಂದದ್ದು. ಮೇಳದ ಮೈದಾನ ಇರುವುದೇ ಊರಿನ ಉತ್ತರದ ಕಡಲದಂಡೆಯಲ್ಲಿ. ಅಗ್ಗದ ಬೀಚ್ ಹೋಟೆಲ್‌ಗಳೂ ಅದೇ ಕಡೆ ಇರುವುದರಿಂದ ಆ ವಾರ ಅವೆಲ್ಲ ವ್ಯಾಪಾರಿಗಳ ಪಾಲು. ಸೆಪ್ಟೆಂಬರ್‌ಗೆ ಬುಕ್ ಮಾಡುವ ಮುನ್ನ ಆ ವರ್ಷದ ಮೇಳದ ದಿನಾಂಕ ನೋಡಿಕೊಳ್ಳಿ.

ಹಂತ 2: ಯಾವ ದಂಡೆ?

ಇಲ್ಲಿ ಸಾವಧಾನ ಬೇಕು. ‘ಬಾರಿ, ಬೀಚ್ ಹೋಟೆಲ್’ ಎಂದು ಹುಡುಕಿದರೆ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಕರಾವಳಿಯ ಹೋಟೆಲ್‌ಗಳೆಲ್ಲ ಒಂದೇ ಪುಟದಲ್ಲಿ ಬಂದು ಕೂರುತ್ತವೆ. ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಹಳೆ ಊರು ನಡುವೆ, ಸಮುದ್ರಕ್ಕೆ ಚಾಚಿದ ಮೂಲೆಯಂತೆ. ಅದರ ದಕ್ಷಿಣಕ್ಕೆ ಸಾಗುವ ಕಡಲರಸ್ತೆ ಲುಂಗೊಮಾರೆ ನಜಾರಿಯೊ ಸೌರೊ. ಸಂಜೆ ಹೊತ್ತು ಊರಿನವರೆಲ್ಲ ಅಲ್ಲೇ ತಿರುಗಾಡುತ್ತಾರೆ. ಆದರೆ ಅಲ್ಲಿ ಸಮುದ್ರಕ್ಕೂ ರಸ್ತೆಗೂ ನಡುವೆ ಕಲ್ಲಿನ ಕಟ್ಟೆ. ಸ್ನಾನಕ್ಕೆ ಇಳಿಯುವ ಜಾಗವಲ್ಲ. ಅದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ನಡೆದರೆ ಪಾನೆ ಎ ಪೊಮೊದೋರೊ ಎಂಬ ಸಾರ್ವಜನಿಕ ತೀರ ಸಿಗುತ್ತದೆ. ಪುಟ್ಟದು, ಮರಳಿದೆ, ಪ್ರವೇಶ ಉಚಿತ. ಮಕ್ಕಳಿದ್ದವರಿಗೆ ಇದೇ ಅನುಕೂಲ. ಒಂದೇ ಎಚ್ಚರಿಕೆ: ಜೋರು ಮಳೆ ಸುರಿದ ಮೇಲೆ ಊರಿನ ಕಾಲುವೆಯ ನೀರು ಅಲ್ಲಿಗೆ ಸೇರುವುದರಿಂದ ನಗರಾಡಳಿತ ಕೆಲವು ದಿನ ಸ್ನಾನ ನಿಷೇಧಿಸುತ್ತದೆ. ಬೋರ್ಡ್ ಹಾಕಿದ್ದರೆ ಇಳಿಯಬೇಡಿ. ಅದರಾಚೆಗಿನದು ತೊರ್ರೆ ಕ್ವೆತ್ತಾ, ಉರುಟು ಕಲ್ಲಿನ ತೀರ. ಯುವಕರ ಗುಂಪು, ಹಾಡು, ಬಾರ್ ಎಲ್ಲ ಅಲ್ಲಿ. ಇನ್ನೂ ದೂರ, ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ತೊರ್ರೆ ಆ ಮಾರೆ. ಮೀನುಗಾರರ ಹಳ್ಳಿಯ ಕಳೆ ಇನ್ನೂ ಉಳಿದಿದೆ, ಕಲ್ಲುಬಂಡೆಯ ದಂಡೆ.

ಉತ್ತರಕ್ಕೆ ಬಂದರು ದಾಟಿದರೆ ಮೇಳದ ಮೈದಾನ, ಅದರಾಚೆ ಸಾನ್ ಜಿರೊಲಮೊ, ಫೆಸ್ಕ. ಸಾನ್ ಜಿರೊಲಮೊ ದಂಡೆಯನ್ನು ಇತ್ತೀಚಿನ ವರ್ಷಗಳಲ್ಲಿ ಹೊಸದಾಗಿ ಕಟ್ಟಿದ್ದಾರೆ. ಅಗಲವಾದ ಕಾಲುದಾರಿ, ಬೆಣಚುಕಲ್ಲಿನ ತೀರ, ಸುತ್ತ ಕೆಲಸಗಾರರ ಬಡಾವಣೆ. ಇನ್ನೂ ಉತ್ತರಕ್ಕೆ ಪಲೇಸೆ ಮತ್ತು ಸಾಂತೊ ಸ್ಪಿರಿತೊ. ವಿಮಾನ ನಿಲ್ದಾಣ ಇರುವುದು ಪಲೇಸೆಯಲ್ಲೇ, ಹಾಗಾಗಿ ತಲೆಯ ಮೇಲೆ ವಿಮಾನದ ಸದ್ದು ಇರುತ್ತದೆ. ಸಾಂತೊ ಸ್ಪಿರಿತೊದಲ್ಲಿ ಪುಟ್ಟ ದೋಣಿ ಬಂದರು, ಮೀನಿನ ಹೋಟೆಲ್‌ಗಳು, ಸ್ವಂತ ರೈಲು ನಿಲ್ದಾಣ. ಅಲ್ಲಿಂದ ಊರಿನ ಮುಖ್ಯ ನಿಲ್ದಾಣವಾದ ಬಾರಿ ಚೆಂತ್ರಾಲೆಗೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ.

ನನ್ನ ಸಲಹೆ ಕೇಳುವುದಾದರೆ: ಮೂರು ದಿನಕ್ಕಿಂತ ಕಡಿಮೆ ಇರುವವರು ಕಡಲಂಚಿನ ಹೋಟೆಲ್ ಆಸೆ ಬಿಟ್ಟು ರೈಲು ನಿಲ್ದಾಣಕ್ಕೂ ಹಳೆ ಊರಿಗೂ ನಡುವಿನ ಮುರಾತ್ತಿಯಾನೊ ಬಡಾವಣೆಯಲ್ಲಿ ತಂಗಿ, ಬಸ್ಸಿನಲ್ಲಿ ಸಮುದ್ರಕ್ಕೆ ಹೋಗಿ ಬನ್ನಿ. ಅದಕ್ಕಿಂತ ಹೆಚ್ಚು ದಿನ ಇದ್ದು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರಿಗಿಳಿಯುವ ಉತ್ಸಾಹ ಇದ್ದರೆ ಸಾಂತೊ ಸ್ಪಿರಿತೊ ಅಥವಾ ಸಾನ್ ಜಿರೊಲಮೊ. ಇಲ್ಲಿ ಹೋಟೆಲ್ ಆರಿಸುವಾಗ ಸಮುದ್ರಕ್ಕೆ ಎಷ್ಟು ದೂರ ಎನ್ನುವುದಕ್ಕಿಂತ ರೈಲು ಅಥವಾ ಬಸ್ ನಿಲ್ದಾಣಕ್ಕೆ ಎಷ್ಟು ದೂರ ಎಂದು ನೋಡಿ. ರಾತ್ರಿ ಊಟ ಮುಗಿಸಿ ಊರಿನಿಂದ ಮರಳುವಾಗ ಟ್ಯಾಕ್ಸಿಗೆ ಸುರಿಯುವ ದುಡ್ಡು ನೀವು ಬಾಡಿಗೆಯಲ್ಲಿ ಉಳಿಸಿದ್ದನ್ನು ನುಂಗಿಬಿಡುತ್ತದೆ.

ಹಂತ 3: ಬುಕಿಂಗ್ ಪುಟವನ್ನು ಸಾಲು ಸಾಲಾಗಿ ಓದಿ

‘ವಿಸ್ತಾ ಮಾರೆ’ ಅಂದರೆ ಕಿಟಕಿಯಿಂದ ಸಮುದ್ರ ಕಾಣುತ್ತದೆ. ‘ಲಾತೊ ಮಾರೆ’ ಅಂದರೆ ಕೋಣೆ ಸಮುದ್ರದ ದಿಕ್ಕಿನಲ್ಲಿದೆ, ಅಷ್ಟೆ. ನಡುವೆ ನಾಲ್ಕಂತಸ್ತಿನ ಕಟ್ಟಡ ಇರಬಹುದು. ‘ಆ ದುವೆ ಪಾಸ್ಸಿ ದಾಲ್ ಮಾರೆ’, ಸಮುದ್ರಕ್ಕೆ ಎರಡೇ ಹೆಜ್ಜೆ ಎಂದು ಬರೆದಿದ್ದರೆ ಕಾಲು ಕಿಲೋಮೀಟರಾದರೂ ನಡೆಯಬೇಕು ಅಂದುಕೊಳ್ಳಿ. ನಕ್ಷೆಯಲ್ಲಿ ರಸ್ತೆಯ ಚಿತ್ರ ತೆರೆದು, ಹೋಟೆಲ್ ಬಾಗಿಲಿನಿಂದ ನೀರಿನವರೆಗೆ ನೀವೇ ‘ನಡೆದು’ ನೋಡಿ. ದಾರಿಯಲ್ಲಿ ರೈಲು ಹಳಿಯೋ ನಾಲ್ಕು ಪಥದ ರಸ್ತೆಯೋ ಅಡ್ಡ ಬಂದರೆ ಮಕ್ಕಳು, ವಯಸ್ಸಾದವರ ಜೊತೆ ಅದು ದಿನವೂ ತಲೆನೋವು.

ಹಾಸಿಗೆ ವಿಷಯ. ‘ಮಾತ್ರಿಮೋನಿಯಾಲೆ’ ಎಂದರೆ ಒಂದು ದೊಡ್ಡ ಮಂಚ, ‘ದೊಪ್ಪಿಯ’ ಎಂದರೆ ಎರಡು ಬಿಡಿ ಮಂಚ. ಅಣ್ಣತಮ್ಮಂದಿರೋ ಗೆಳೆಯರೋ ಹೋಗುವಾಗ ಎರಡನೆಯದನ್ನೇ ಕೇಳಿ. ಲಿಫ್ಟ್ ಇದೆಯೇ, ಏಸಿ ಬಾಡಿಗೆಯಲ್ಲೇ ಸೇರಿದೆಯೇ, ರಿಸೆಪ್ಷನ್‌ನಲ್ಲಿ ರಾತ್ರಿ ಯಾರಾದರೂ ಇರುತ್ತಾರೆಯೇ, ಈ ಮೂರನ್ನು ಬಿಡದೆ ವಿಚಾರಿಸಿ. ಸಣ್ಣ ಹೋಟೆಲ್‌ಗಳು ರಾತ್ರಿ ಹತ್ತಕ್ಕೆ ಕೌಂಟರ್ ಮುಚ್ಚಿ ಬಾಗಿಲಿನ ಕೋಡ್ ಕಳಿಸುತ್ತವೆ. ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ ನಡುರಾತ್ರಿ ಇಳಿದವರು ಮೊಬೈಲ್ ಚಾರ್ಜ್ ಇಲ್ಲದೆ ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಬೇಡ.

ಪ್ರತಿ ಹೋಟೆಲ್, ಹೋಂಸ್ಟೇ, ಬಾಡಿಗೆ ಮನೆಗೂ ಈಗ ‘ಸಿನ್’ (CIN) ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಇರಲೇಬೇಕು. ಜಾಹೀರಾತಿನಲ್ಲೂ ಕಟ್ಟಡದ ಬಾಗಿಲಲ್ಲೂ ಅದನ್ನು ತೋರಿಸುವುದು 2025ರಿಂದ ಕಡ್ಡಾಯ. ಆ ಸಂಖ್ಯೆ ಇಲ್ಲದ ಜಾಗ ಎಷ್ಟೇ ಅಗ್ಗವಾಗಿರಲಿ, ಪುಟ ಮುಚ್ಚಿ ಮುಂದೆ ಹೋಗಿ.

ಬಾಡಿಗೆಯ ಮೇಲೆ ಇನ್ನೊಂದು ಖರ್ಚು ಕಾದಿರುತ್ತದೆ. ಬಾರಿ ನಗರಪಾಲಿಕೆ 2023ರ ಅಕ್ಟೋಬರ್‌ನಿಂದ ತಂಗುವ ತೆರಿಗೆ ವಸೂಲು ಮಾಡುತ್ತಿದೆ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಹೋಟೆಲ್ ದರ್ಜೆಯ ಮೇಲೆ ನಿಗದಿ. ಆನ್‌ಲೈನ್‌ನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಇದನ್ನು ಸಾಮಾನ್ಯವಾಗಿ ಕೌಂಟರ್‌ನಲ್ಲೇ ಕೇಳುತ್ತಾರೆ. ಇದು ಮೋಸವಲ್ಲ, ರಸೀದಿ ಕೇಳಿ ಪಡೆಯಿರಿ.

ಬುಕ್ ಮಾಡಿದ ಮೇಲೆ ಹೋಟೆಲ್‌ಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ. ಇಟಲಿಯ ಸಣ್ಣ ಹೋಟೆಲ್‌ಗಳು ಮೇಲ್‌ಗಿಂತ ವಾಟ್ಸಾಪ್‌ಗೆ ಬೇಗ ಉತ್ತರಿಸುತ್ತವೆ. ಅನುವಾದ ಆ್ಯಪ್ ಬಳಸಿ ಇಟಾಲಿಯನ್‌ನಲ್ಲೇ ನಾಲ್ಕು ಸಾಲು ಸಾಕು: ನಾವು ಎಷ್ಟು ಗಂಟೆಗೆ ಬರುತ್ತೇವೆ, ಯಾವ ಲೀದೊ ಜೊತೆ ನಿಮಗೆ ಒಪ್ಪಂದ ಇದೆ, ಕೊನೆಯ ದಿನ ಬ್ಯಾಗ್ ಇಡಬಹುದೇ, ಮೇಲಿನ ಮಹಡಿಯ ಕೋಣೆ ಸಿಗುತ್ತದೆಯೇ. ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಹಣ ಉಳಿಯುವುದು ಅಲ್ಲೇ. ಕಡಲದಂಡೆಯ ಎಷ್ಟೋ ಹೋಟೆಲ್‌ಗಳು ಪಕ್ಕದ ಲೀದೊದಲ್ಲಿ ತಮ್ಮ ಅತಿಥಿಗಳಿಗೆ ರಿಯಾಯಿತಿ ಮಾತಾಡಿಕೊಂಡಿರುತ್ತವೆ. ಕೇಳಿದವರಿಗೆ ಮಾತ್ರ ಸಿಗುತ್ತದೆ.

ಹಂತ 4: ವೀಸಾ

ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ. ಇಟಲಿಗೆ ಬೆಂಗಳೂರಿನಲ್ಲೇ, ವೀಸಾ ಅರ್ಜಿ ಪಡೆಯುವ ವಿಎಫ್‌ಎಸ್ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನ ಮಾತ್ರ ಉಳಿದಿರುವಾಗ ಹಾಕಲು ಹೋಗಬೇಡಿ. ಹೋಟೆಲ್ ಬುಕಿಂಗ್ ದಾಖಲೆ ತೋರಿಸಬೇಕಾಗುತ್ತದೆ, ಆದ್ದರಿಂದ ವೀಸಾ ಕೈಗೆ ಬರುವ ತನಕ ಉಚಿತವಾಗಿ ರದ್ದು ಮಾಡಬಹುದಾದ ದರವನ್ನೇ ಆರಿಸಿ, ನಾಲ್ಕೈದು ಯೂರೋ ಹೆಚ್ಚಾದರೂ ಸರಿ. ಎಲ್ಲ ಪ್ರಯಾಣಿಕರ ಹೆಸರೂ ಬುಕಿಂಗ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ.

ಹಂತ 5: ತಲುಪುವುದು

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋಗಬಹುದು. ಅಥವಾ ರೋಮ್‌ನಲ್ಲಿ ಇಳಿದು ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ವೇಗದ ರೈಲಿನ ಟಿಕೆಟ್ ಮುಂಚಿತವಾಗಿ ತೆಗೆದರೆ ಅಗ್ಗ, ಹೊರಡುವ ದಿನ ತೆಗೆದರೆ ದುಬಾರಿ. ಯೂರೋಪಿನೊಳಗೆ ಮೊದಲು ಕಾಲಿಡುವ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆಯುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಮುಂದಿನ ವಿಮಾನಕ್ಕೆ ಮುಕ್ಕಾಲು ಗಂಟೆ ಮಾತ್ರ ಬಿಡುವಿರುವ ಟಿಕೆಟ್ ತೆಗೆಯಬೇಡಿ.

ಬಾರಿ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ. ಇಪ್ಪತ್ತು ನಿಮಿಷದೊಳಗೆ ಊರ ನಡುವಿಗೆ. ಇದಕ್ಕಿಂತ ಅಗ್ಗ ಬೇಕೆಂದರೆ ನಗರ ಬಸ್ 16. ಸುತ್ತಿ ಬಳಸಿ ಹೋಗುತ್ತದೆ. ಸಾಂತೊ ಸ್ಪಿರಿತೊ, ಪಲೇಸೆಯಲ್ಲಿ ತಂಗುವವರು ಊರೊಳಗೆ ಹೋಗಿ ಮತ್ತೆ ವಾಪಸ್ ಬರುವ ಗೋಜೇ ಬೇಡ. ವಿಮಾನ ನಿಲ್ದಾಣದಿಂದ ಅವು ಹತ್ತಿರ, ಟ್ಯಾಕ್ಸಿ ಹಿಡಿದರೂ ಹೊರೆಯಾಗದು. ದರ ಮೊದಲೇ ಕೇಳಿಕೊಂಡು ಹತ್ತಿ.

ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಕೆಲಸ ಮುಗಿಯಲಿಲ್ಲ. ಪ್ಲಾಟ್‌ಫಾರ್ಮ್‌ನಲ್ಲಿರುವ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮೊಬೈಲ್ ಟಿಕೆಟ್ ಆದರೆ ಹತ್ತುವ ಮುಂಚೆ ಆ್ಯಪ್‌ನಲ್ಲಿ ಚೆಕ್-ಇನ್ ಒತ್ತಬೇಕು. ಇಲ್ಲದಿದ್ದರೆ ಟಿಕೆಟ್ ಕೈಲಿದ್ದರೂ ದಂಡ.

ಹಂತ 6: ಕೌಂಟರ್‌ನಿಂದ ಕೋಣೆಗೆ

ಪಾಸ್‌ಪೋರ್ಟ್ ಕೇಳಿದರೆ ಅನುಮಾನ ಬೇಡ. ತಂಗುವ ಪ್ರತಿಯೊಬ್ಬರ ವಿವರವನ್ನೂ ಹೋಟೆಲ್‌ನವರು 24 ಗಂಟೆಯೊಳಗೆ ಪೊಲೀಸ್ ಇಲಾಖೆಗೆ ಆನ್‌ಲೈನ್‌ನಲ್ಲಿ ಕಳಿಸಲೇಬೇಕು. ವಿವರ ಬರೆದುಕೊಂಡು ಅಲ್ಲೇ ವಾಪಸ್ ಕೊಡುತ್ತಾರೆ. ‘ನಾಳೆ ಬೆಳಿಗ್ಗೆ ತಗೊಳ್ಳಿ’ ಎಂದರೆ ಮಾತ್ರ ಒಪ್ಪಬೇಡಿ, ಫೋಟೋ ತೆಗೆದುಕೊಳ್ಳಿ ಎಂದು ಹೇಳಿ ನಿಂತುಕೊಳ್ಳಿ.

ಬ್ಯಾಗ್ ಬಿಚ್ಚುವ ಮುನ್ನವೇ ಏಸಿ ಹಾಕಿ ನೋಡಿ, ಬಿಸಿನೀರು ಬಿಡಿ, ಕಿಟಕಿಯ ಸೊಳ್ಳೆ ಪರದೆ ಎಳೆದು ನೋಡಿ. ಕಡಲದಂಡೆಯ ಹಳೆಯ ಹೋಟೆಲ್‌ಗಳಲ್ಲಿ ಉಪ್ಪುಗಾಳಿಗೆ ಕಿಟಕಿಯ ಕೊಂಡಿ ತುಕ್ಕು ಹಿಡಿದಿರುತ್ತದೆ, ಗೋಡೆಯ ಮೂಲೆ ತೇವ ಕುಡಿದಿರುತ್ತದೆ. ಅಷ್ಟನ್ನು ಸಹಿಸಿಕೊಳ್ಳಬಹುದು. ಹಾಸಿಗೆ ತೇವದ ವಾಸನೆ ಹೊಡೆದರೆ ಕೂಡಲೇ ಬೇರೆ ಕೋಣೆ ಕೇಳಿ. ಒಂದು ರಾತ್ರಿ ಮಲಗಿ ಎದ್ದ ಮೇಲೆ ಕೇಳಿದರೆ ಮಾತಿಗೆ ತೂಕ ಇರುವುದಿಲ್ಲ. ಸೊಳ್ಳೆ ಕಾಟ ಇದ್ದೇ ಇದೆ. ಊರಿನ ಗುಡ್‌ನೈಟ್ ಯಂತ್ರದಲ್ಲಿ ಎರಡು ತೆಳು ಪಿನ್ನಿನದಾದರೆ ಅಲ್ಲಿನ ಸಾಕೆಟ್‌ಗೆ ಹೊಂದುತ್ತದೆ, ವೋಲ್ಟೇಜ್ ನಮ್ಮಲ್ಲಿನಂತೆಯೇ 230. ದಪ್ಪ ಮೂರು ಪಿನ್ನಿನ ನಮ್ಮ ಪ್ಲಗ್ ಮಾತ್ರ ಹೋಗುವುದಿಲ್ಲ. ಅಲ್ಲಿ ಮೂರು ಪಿನ್ನೂ ಒಂದೇ ಗೆರೆಯಲ್ಲಿರುತ್ತವೆ. ಅಡಾಪ್ಟರ್ ಊರಿನಿಂದಲೇ ಒಯ್ಯಿರಿ.

ಬಚ್ಚಲುಮನೆಯಲ್ಲಿ ಎರಡು ವಿಷಯ. ಕಮೋಡ್ ಪಕ್ಕದಲ್ಲಿ ಇನ್ನೊಂದು ಕುಳಿತುಕೊಳ್ಳುವ ತೊಟ್ಟಿ, ನಲ್ಲಿ ಸಮೇತ ಇರುತ್ತದೆ. ಅದು ಬಿದೆ, ತೊಳೆದುಕೊಳ್ಳುವುದಕ್ಕೇ ಇರುವುದು. 1975ರ ಆರೋಗ್ಯ ಸಚಿವಾಲಯದ ಆದೇಶದಂತೆ ಇಟಲಿಯ ಪ್ರತಿ ಮನೆಯಲ್ಲೂ ಒಂದು ಬಚ್ಚಲಲ್ಲಾದರೂ ಇದು ಇರಬೇಕು, ಹೋಟೆಲ್‌ಗಳಲ್ಲೂ ಸಾಮಾನ್ಯ. ಉಳಿದ ಯೂರೋಪಿನಲ್ಲಿ ಕಾಗದ ಹಿಡಿದು ಪರದಾಡುವ ನಮ್ಮವರಿಗೆ ಇಟಲಿ ಒಂದು ನೆಮ್ಮದಿ. ಇನ್ನೊಂದು, ಷವರ್ ಪಕ್ಕ ಗೋಡೆಯ ಮೇಲಿನಿಂದ ಇಳಿಬಿದ್ದ ದಾರ. ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಗುಂಡು. ಫ್ಯಾನಿನದೋ ಲೈಟಿನದೋ ಅಂದುಕೊಂಡು ಎಳೆದರೆ ರಿಸೆಪ್ಷನ್‌ನಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಜಾರಿ ಬಿದ್ದವರು ಸಹಾಯ ಕೇಳಲು ಇಟ್ಟ ದಾರ ಅದು. ಸೋಪು ಹಚ್ಚಿಕೊಂಡಿರುವಾಗ ಬಾಗಿಲು ಬಡಿಸಿಕೊಳ್ಳುವ ಪ್ರಸಂಗ ಬೇಡ. ಮಕ್ಕಳಿಗೆ ಮೊದಲೇ ಹೇಳಿಡಿ. ಬಟ್ಟೆ ಒಣಗಿಸಲು ಅದಕ್ಕೆ ಏನನ್ನೂ ನೇತುಹಾಕಬೇಡಿ.

ಕಾಫಿ ಮಾಡಿಕೊಳ್ಳಲು ಕೆಟಲ್ ಇಂಥ ಹೋಟೆಲ್‌ಗಳಲ್ಲಿ ಅಪರೂಪ. ಸ್ವಂತದ್ದು ಒಯ್ದರೆ, ಮನೆಯಂಥ ಸಣ್ಣ ವಸತಿಗಳಲ್ಲಿ ಏಸಿ ಮತ್ತು ಕೆಟಲ್ ಒಟ್ಟಿಗೆ ಹಾಕಬೇಡಿ. ಅಲ್ಲಿನ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವಾಟ್, ಹೊರೆ ಮೀರಿದೊಡನೆ ಇಡೀ ಮನೆ ಕತ್ತಲು.

ನಲ್ಲಿ ನೀರು ಕುಡಿಯಬಹುದು. ಬಾಟಲಿ ನೀರಿಗೆ ದಿನಾ ದುಡ್ಡು ಹಾಕುವ ಅಗತ್ಯವಿಲ್ಲ. ಪುಲ್ಯಾ ಒಂದು ಕಾಲಕ್ಕೆ ನೀರಿಲ್ಲದ ಸೀಮೆ. ಪಶ್ಚಿಮದ ಬೆಟ್ಟಗಳಾಚೆಯ ಸೆಲೆ ನದಿಯ ಬುಗ್ಗೆಯಿಂದ ಸುರಂಗ ಕೊರೆದು ತಂದ ನೀರು ಬಾರಿಯಲ್ಲಿ ಚಿಮ್ಮಿದ್ದು 1915ರಲ್ಲಿ. ಊರಿನ ಚೌಕಗಳಲ್ಲಿ ಕಾಣುವ ಎರಕದ ಕಬ್ಬಿಣದ ಕಾರಂಜಿ ನಲ್ಲಿಗಳು ಆ ಕಾಲದ ನೆನಪು. ಬಾಟಲಿ ಒಯ್ದು ತುಂಬಿಸಿಕೊಳ್ಳಿ.

ಹಂತ 7: ನೀರಿಗಿಳಿಯುವ ಮುನ್ನ

ತೀರದಲ್ಲಿ ಹಾರುವ ಬಾವುಟ ನೋಡಿ. ಬಿಳಿ ಇದ್ದರೆ ಸರಿ, ಜೀವರಕ್ಷಕರಿದ್ದಾರೆ. ಕೆಂಪು ಇದ್ದರೆ ಅಪಾಯ. ಹಳದಿ ಕಂಡರೆ ಗಾಳಿ ಜೋರಿದೆ, ಕೊಡೆ ಮಡಚಿ ಎಂದರ್ಥ. ವಾಯವ್ಯದಿಂದ ಮಾಯೆಸ್ತ್ರಾಲೆ ಗಾಳಿ ಬೀಸುವ ದಿನ ಈ ದಂಡೆಯಲ್ಲಿ ಅಲೆ ಏಳುತ್ತದೆ. ಅಂಥ ದಿನವನ್ನು ಊರು ಸುತ್ತಲು ಇಟ್ಟುಕೊಳ್ಳಿ. ಪ್ರಾಂತ್ಯದ ಪರಿಸರ ಸಂಸ್ಥೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳೂ ಸ್ನಾನದ ನೀರನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತದೆ, ಹೋಟೆಲ್‌ನವರನ್ನು ಕೇಳಿದರೂ ಹೇಳುತ್ತಾರೆ.

ಹೆಚ್ಚಿನ ಕಡೆ ಕಲ್ಲಿನ ತೀರವಾದ್ದರಿಂದ ರಬ್ಬರ್ ಅಡಿಯ ನೀರಿನ ಚಪ್ಪಲಿ ಇಲ್ಲದೆ ಹೋಗಬೇಡಿ. ಬಂಡೆಯ ಸಂದಿಯಲ್ಲಿ ಕಪ್ಪು ಮುಳ್ಳಿನ ಕಡಲಜೀವಿಗಳು ಕೂತಿರುತ್ತವೆ, ತುಳಿದರೆ ರಜೆಯೆಲ್ಲ ಮುಳ್ಳು ಕೀಳುವುದೇ ಆಗುತ್ತದೆ. ಚಪ್ಪಲಿ ಅಲ್ಲಿನ ಸಂತೆ ಅಂಗಡಿಗಳಲ್ಲೇ ಅಗ್ಗಕ್ಕೆ ಸಿಗುತ್ತದೆ. ನೆನಪಿಗೆಂದು ಮರಳು, ಬೆಣಚುಕಲ್ಲು ಚೀಲಕ್ಕೆ ಹಾಕಬೇಡಿ; ಇಟಲಿಯಲ್ಲಿ ಅದಕ್ಕೆ ದಂಡ ಇದೆ. ಸಾರ್ವಜನಿಕ ತೀರದಲ್ಲಿ ಎಲ್ಲರೂ ಒಟ್ಟಿಗೆ ನೀರಿಗಿಳಿಯುವುದೂ ಬೇಡ, ಚೀಲದ ಹತ್ತಿರ ಒಬ್ಬರಿರಲಿ. ಪಾಸ್‌ಪೋರ್ಟ್ ಹೋಟೆಲ್‌ನಲ್ಲೇ ಬಿಟ್ಟು, ಅದರ ನಕಲು ಪ್ರತಿ ಒಂದನ್ನು ಜೊತೆಗಿಟ್ಟುಕೊಳ್ಳಿ. ತುರ್ತಿಗೆ 112, ಸಮುದ್ರದಲ್ಲಿ ಅವಘಡವಾದರೆ ಕರಾವಳಿ ಪಡೆಯ 1530.

ಹಂತ 8: ಹೊಟ್ಟೆಪಾಡು

ಹೋಟೆಲ್ ಬಾಡಿಗೆಯಲ್ಲಿ ಸೇರಿದ ಬೆಳಗಿನ ತಿಂಡಿ ಅಂದರೆ ಕೊರ್ನೆತ್ತೊ ಎಂಬ ಸಿಹಿ ಬನ್ನು, ಬಿಸ್ಕತ್ತು, ಜಾಮ್, ಕಾಫಿ. ಉಪ್ಪು ಖಾರದ ನಾಲಿಗೆಗೆ ಎರಡನೇ ದಿನಕ್ಕೇ ಸಾಕಾಗುತ್ತದೆ. ತಿಂಡಿ ಇಲ್ಲದ ದರ ಆರಿಸಿ, ಬೀದಿ ಮೂಲೆಯ ಬಾರ್‌ನಲ್ಲಿ (ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿಯೂ ಹೌದು) ನಿಂತೇ ಕಾಫಿ ಕುಡಿಯಿರಿ, ಆಮೇಲೆ ಬೇಕರಿಗೆ ಹೋಗಿ. ಬಾರಿಯ ಫೊಕಾಚ್ಚ ಎಂಬ ರೊಟ್ಟಿಯ ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಕಲಸಿ, ಮೇಲೆ ಟೊಮೆಟೊ ಹಿಸುಕಿ, ಆಲಿವ್, ಒರೆಗಾನೊ ಉದುರಿಸಿ, ಎಣ್ಣೆ ಧಾರಾಳವಾಗಿ ಸುರಿದು ಸುಡುತ್ತಾರೆ. ತಳ ಗರಿಗರಿ, ನಡು ಮೆತ್ತಗೆ, ಕಾಗದದಲ್ಲಿ ಸುತ್ತಿಕೊಟ್ಟದ್ದು ಬೆರಳಿಗೆ ಎಣ್ಣೆ ಬಿಡುತ್ತದೆ. ಕೆಲವೇ ಯೂರೋಗೆ ಒಂದು ಹೊತ್ತಿನ ಊಟವೇ ಮುಗಿಯಿತು.

ಸಂಜೆ ಹಳೆ ಊರಿನ ಓಣಿಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಟ್ಟಿ, ಚೌಕ ಚೌಕವಾಗಿ ಕತ್ತರಿಸಿ ಕರಿದ ಸ್ಗಾಲಿಯೊತ್ಸೆ ಸಿಗುತ್ತದೆ. ಟೊಮೆಟೊ, ಮೊಝರೆಲ್ಲ ತುಂಬಿ ಕರಿದ ಪಾಂತ್ಸೆರೊತ್ತೊ ಇನ್ನೊಂದು. ಮೊದಲ ತುತ್ತು ಊದಿ ತಿನ್ನಿ, ಒಳಗಿನ ಚೀಸ್ ಬಾಯಿ ಸುಡುತ್ತದೆ. ಖಾರ ಬೇಕೆಂದವರು ‘ಸ್ಪಗೆತ್ತಿ ಅಲ್ಲಾಸ್ಸಸ್ಸೀನಾ’ ಕೇಳಿ. ಒಣಮೆಣಸು, ಟೊಮೆಟೊ ರಸದಲ್ಲಿ ಕಬ್ಬಿಣದ ಬಾಣಲೆಗೆ ತಳ ಹಿಡಿಸಿ ಮಾಡುವ ಈ ಊರಿನದೇ ಪಾಸ್ತಾ. ಸೀದದ್ದೇ ಅದರ ರುಚಿ. ಒಣ ಅವರೆಯಂಥ ಫಾವೆ ಕಾಳಿನ ಗಟ್ಟಿ ಗೊಜ್ಜಿಗೆ ಕಹಿ ಸೊಪ್ಪು ಬೇಯಿಸಿ ಕೊಡುವ ‘ಫಾವೆ ಎ ಚಿಕೋರಿಯೆ’ ನಮ್ಮ ಸೊಪ್ಪಿನ ಹುಳಿ ತಿಂದು ಬೆಳೆದವರಿಗೆ ತಕ್ಷಣ ಒಗ್ಗುತ್ತದೆ.

ಸಸ್ಯಾಹಾರಿಗಳು ಎಡವುವುದು ಒರೆಕ್ಕಿಯೆತ್ತೆಯಲ್ಲಿ. ಕಿವಿಯಾಕಾರದ ಪಾಸ್ತಾ, ಹಸಿರು ಸೊಪ್ಪು, ನೋಡಲು ಶುದ್ಧ ಶಾಕಾಹಾರ. ಆದರೆ ಒಗ್ಗರಣೆಯಲ್ಲಿ ಉಪ್ಪುಮೀನು ಕರಗಿಸಿರುತ್ತಾರೆ. ‘ಸೆಂತ್ಸಾ ಅಚ್ಚೂಗೆ’ ಎಂದು ಹೇಳಿ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ’, ಮಾಂಸ ಬೇಡ ಮೀನು ಬೇಡ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಬರೀ ಸಸ್ಯಾಹಾರಿ ಎಂದರೆ ಕೆಲವರು ಮೀನು ತಿನ್ನುತ್ತಾರೆ ಅಂದುಕೊಳ್ಳುತ್ತಾರೆ. ಕಟ್ಟುನಿಟ್ಟಿನವರಿಗೆ ಇನ್ನೊಂದು: ಪಾರ್ಮೆಜಾನೊ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಜಠರದ ಅಂಶದಿಂದ.

ಆರ್ಕೊ ಬಾಸ್ಸೊ ಓಣಿಯಲ್ಲಿ ಅಜ್ಜಿಯರು ಮನೆ ಮುಂದೆ ಮರದ ಹಲಗೆ ಇಟ್ಟುಕೊಂಡು ಈ ಒರೆಕ್ಕಿಯೆತ್ತೆ ಒತ್ತುತ್ತಾರೆ. ಹಿಟ್ಟಿನ ಬತ್ತಿಯಿಂದ ಉಗುರಿನಷ್ಟು ಕತ್ತರಿಸಿ, ಮೊಂಡು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಕೊಳ್ಳುವುದಾದರೆ ನಿಮ್ಮ ಕಣ್ಣೆದುರು ಒತ್ತಿ ಒಣಗಿಸಿದ್ದನ್ನೇ ಕೇಳಿ. ಮೀನು ತಿನ್ನುವವರು ಬೆಳಿಗ್ಗೆ ಮಾರ್ಗೆರಿತಾ ರಂಗಮಂದಿರದ ಪಕ್ಕದ ದೋಣಿಕಟ್ಟೆಗೆ ಹೋಗಿ. ಮೀನುಗಾರರು ಆಕ್ಟೋಪಸ್ ಮೆದುವಾಗಲಿ ಎಂದು ಕಲ್ಲಿಗೆ ಬಡಿಯುವ ಸದ್ದು ದೂರಕ್ಕೇ ಕೇಳುತ್ತದೆ. ಅಲ್ಲಿನವರು ಅದನ್ನು ಹಸಿಯಾಗಿಯೇ ತಿನ್ನುತ್ತಾರೆ. ನೀವು ನೋಡಿದರೆ ಸಾಕು.

ಊಟದ ಹೋಟೆಲ್‌ಗಳ ಅಡುಗೆಮನೆಗಳು ಮಧ್ಯಾಹ್ನ ಮೂರಕ್ಕೆ ಮುಚ್ಚಿದರೆ ರಾತ್ರಿ ಎಂಟಕ್ಕೇ ತೆರೆಯುವುದು. ನಡುವೆ ಅಂಗಡಿಗಳೂ ಬಂದ್. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಎರಡು ಮೂರು ಯೂರೋ ಇರುತ್ತದೆ, ಅದು ಕೂತದ್ದಕ್ಕೆ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕತ್ತರಿ ಬೀಳುತ್ತದೆ.

ಹಂತ 9: ಸುತ್ತಾಟ

ಪೊಲಿನ್ಯಾನೊ ಆ ಮಾರೆ, ಮೊನೊಪೊಲಿ ಎರಡೂ ರೈಲಿನಲ್ಲಿ ಮೂವತ್ತು ನಲವತ್ತು ನಿಮಿಷ. ಫೋಟೋಗಳಲ್ಲಿ ಕಾಣುವ, ಬಂಡೆಗಳ ನಡುವಿನ ನೀಲಿ ನೀರು ಪೊಲಿನ್ಯಾನೊದ್ದು. ಅಲ್ಲಿ ತಂಗುವುದು ದುಬಾರಿ; ಬಾರಿಯಲ್ಲಿ ಮಲಗಿ ಅಲ್ಲಿಗೆ ಹೋಗಿಬರುವುದೇ ಜಾಣತನ. ಶಂಕುವಿನಾಕಾರದ ಕಲ್ಲಿನ ಮನೆಗಳ ಆಲ್ಬೆರೊಬೆಲ್ಲೊ, ಗುಹೆಮನೆಗಳ ಮಾತೆರಾ, ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ. ಇವುಗಳಿಗೆ ಹೋಗುವ ಸಣ್ಣ ರೈಲುಗಳು ಬೇರೆ ಕಂಪನಿಗಳವು, ಭಾನುವಾರದ ಸಂಚಾರ ತೀರಾ ವಿರಳ. ಭಾನುವಾರವನ್ನು ಸಮುದ್ರಕ್ಕೋ ಪೊಲಿನ್ಯಾನೊಗೋ ಬಿಟ್ಟು, ಇವೆರಡನ್ನು ವಾರದ ದಿನ ಮುಗಿಸಿ.

ಹಂತ 10: ಕೋಣೆ ಖಾಲಿ ಮಾಡುವ ದಿನ

ಬೆಳಿಗ್ಗೆ ಹತ್ತು, ಹತ್ತೂವರೆಗೆ ಕೋಣೆ ಬಿಡಬೇಕು. ವಿಮಾನ ಸಂಜೆ ಇದ್ದರೆ ಬ್ಯಾಗ್ ಹೋಟೆಲ್‌ನಲ್ಲೇ ಇಟ್ಟು ಕೊನೆಯ ಸ್ನಾನಕ್ಕೆ ಹೋಗಬಹುದು. ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಒಣ ಬಟ್ಟೆಯ ಜೊತೆ ಒಂದು ಕೈಚೀಲ ಬೇರೆ ಇರಲಿ. ಆ ದಿನ ಮಾತ್ರ ಲೀದೊಗೆ ದುಡ್ಡು ಕೊಡುವುದು ಲಾಭ, ಏಕೆಂದರೆ ಸಿಹಿನೀರಿನ ಷವರ್, ಬಟ್ಟೆ ಬದಲಿಸುವ ಗೂಡು ಎರಡೂ ಸಿಗುತ್ತವೆ. ತಂಗುವ ತೆರಿಗೆಯ ರಸೀದಿ, ಮಿನಿಬಾರ್ ಲೆಕ್ಕ ನೋಡಿಕೊಂಡು ಹೊರಡಿ.

ಹಡಗು ಹತ್ತುವವರು ಇನ್ನೊಂದು ಲೆಕ್ಕ ಹಾಕಬೇಕು. ಗ್ರೀಸ್ ಷೆಂಗೆನ್ ಒಳಗೇ ಇದೆ, ತೊಂದರೆಯಿಲ್ಲ. ಅಲ್ಬೇನಿಯಾ, ಮಾಂಟೆನೆಗ್ರೊ ಹೊರಗಿನವು. ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಅತ್ತ ಹೊರಟ ಕ್ಷಣಕ್ಕೆ ಅದರ ಆಯುಷ್ಯ ಮುಗಿಯಿತು. ಮರಳಿ ಇಟಲಿಗೆ ಬಂದು ವಿಮಾನ ಹತ್ತಲು ಆಗುವುದಿಲ್ಲ. ಹಡಗುಗಳು ಹೆಚ್ಚಾಗಿ ರಾತ್ರಿ ಹೊರಡುತ್ತವೆ, ಎರಡು ಗಂಟೆ ಮುಂಚೆ ಬಂದರಿನಲ್ಲಿರಬೇಕು. ಬಂದರು ಹಳೆ ಊರಿಗೆ ಅಂಟಿಕೊಂಡೇ ಇದ್ದರೂ ಒಳಗೆ ತುಂಬ ವಿಶಾಲ. ಗೇಟಿನಿಂದ ಟಿಕೆಟ್ ಪರೀಕ್ಷಿಸುವ ಕೌಂಟರ್, ಅಲ್ಲಿಂದ ಹಡಗು ಎಲ್ಲ ದೂರ ದೂರ. ಸೂಟ್‌ಕೇಸ್ ಎಳೆದುಕೊಂಡು ನಡೆಯಲು ಹೋಗಬೇಡಿ. ನಿಲ್ದಾಣದಿಂದ ಬಂದರಿಗೆ ನಗರ ಬಸ್ ಇದೆ. ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಹೋಟೆಲ್ ಬಿಡುವ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ, ಬಸ್ ಟಿಕೆಟ್ಟನ್ನು ಮೂಲೆಯ ತಂಬಾಕು ಅಂಗಡಿಯಲ್ಲಿ ಹಗಲೇ ಕೊಂಡಿಡಿ. ರಾತ್ರಿ ಆ ಅಂಗಡಿ ತೆರೆದಿರುವುದಿಲ್ಲ.